ಶ್ರೀನಿವಾಸನಗರ ಅಂದರೆ ಯಾವ ಶ್ರೀನಿವಾಸ?

ಸುರತ್ಕಲ್ಲಿನ ಎನ್‌ಐಟಿಕೆಗೆ ಕಾಗದ ಬರೆಯುವವರು ವಿಳಾಸದಲ್ಲಿ ಶ್ರೀನಿವಾಸನಗರ ಅಂತ ಸೇರಿಸಬೇಕು. ಅಲ್ಲೇ ಓದಿದ ಗೆಳೆಯನೊಬ್ಬನನ್ನು ಕೇಳಿದೆ, ಈ ಶ್ರೀನಿವಾಸ ಯಾರು ಮಾರಾಯ? "ಹತ್ತಿರ ಎಲ್ಲೋ ವೆಂಕಟರಮಣ ದೇವಸ್ಥಾನ ಇರ್ಬೇಕು" ಅಂದ. ನಾಲ್ಕು ವರ್ಷ ಅಲ್ಲಿ ಅನ್ನ ತಿಂದವನು!

ದೇವರಲ್ಲ, ಮನುಷ್ಯ. ಉಳ್ಳಾಲ ಶ್ರೀನಿವಾಸ ಮಲ್ಯ. ಅಂತರ್ಜಾಲದಲ್ಲಿ ಬರೀ ಮಲ್ಯ ಅಂತ ಹುಡುಕಿದರೆ ಬೇರೆಯೇ ಒಬ್ಬ ಮಲ್ಯರು ಸಿಗುತ್ತಾರೆ, ಅವರ ಕಥೆ ನಿಮಗೆಲ್ಲ ಗೊತ್ತು, ಬಿಡಿ. ನಾನು ಹೇಳಹೊರಟಿರುವುದು 1902ರ ನವೆಂಬರ್ 21ರಂದು ಹುಟ್ಟಿ, 1965ರ ಡಿಸೆಂಬರ್ 19ರಂದು ತೀರಿಕೊಂಡ ಮಲ್ಯರ ಬಗ್ಗೆ. ಕೊಂಕಣಿ ಮನೆಮಾತಿನವರು, ಗಾಂಧಿ ಕಾಲದ ಕಾಂಗ್ರೆಸ್ಸಿಗರು. ಸಂವಿಧಾನ ಸಭೆಯಲ್ಲಿ ಮದ್ರಾಸ್ ಪ್ರಾಂತ್ಯದಿಂದ ಸದಸ್ಯರಾಗಿದ್ದರು. ಆಮೇಲೆ 1952, 1957, 1962 - ಮೂರು ಲೋಕಸಭಾ ಚುನಾವಣೆಗಳಲ್ಲೂ ಗೆದ್ದರು. ಮಂತ್ರಿ ಮಾತ್ರ ಆಗಲಿಲ್ಲ.

ಅವರ ಕೆಲಸ ಅರ್ಥವಾಗಬೇಕಾದರೆ ಆಗಿನ ಮಂಗಳೂರು ಹೇಗಿತ್ತು ಅಂತ ಸ್ವಲ್ಪ ಯೋಚಿಸಬೇಕು. 1956ರ ನವೆಂಬರ್ 1ರವರೆಗೆ ನಮ್ಮದು ಮದ್ರಾಸಿನ ಒಂದು ಮೂಲೆ. ಅವತ್ತಿನಿಂದ ಮೈಸೂರು ರಾಜ್ಯದ ಒಂದು ಮೂಲೆ. ಅದೇ ದಿನ ಕಾಸರಗೋಡು ಕೇರಳದ ಪಾಲಾಯಿತು, ಆ ನೋವು ಬೇರೆ. ಹೊಸ ರಾಜಧಾನಿ ಘಟ್ಟದ ಮೇಲೆ, ಅಲ್ಲಿಗೆ ನೇರ ರೈಲಿಲ್ಲ. ಹಾಸನ - ಮಂಗಳೂರು ಹಳಿ ಪೂರ್ತಿಯಾದದ್ದೇ 1979ರಲ್ಲಿ. ಕರಾವಳಿ ಉದ್ದಕ್ಕೂ ಹೋಗೋಣ ಅಂದರೆ ಹೆಜ್ಜೆಗೊಂದು ಹೊಳೆ.

ಬಂದರು ಇತ್ತಲ್ಲ ಅನ್ನಬಹುದು. ಇತ್ತು, ಬಂದರ್‌ನಲ್ಲಿ, ನೇತ್ರಾವತಿ - ಗುರುಪುರ ಹೊಳೆಗಳು ಕಡಲು ಸೇರುವಲ್ಲಿ. ಆದರೆ ಅಳಿವೆ ಬಾಗಿಲಲ್ಲಿ ಮರಳಿನ ದಿಬ್ಬ. ದೊಡ್ಡ ಹಡಗು ಒಳಗೆ ಬರುವ ಹಾಗಿಲ್ಲ, ದೂರ ಕಡಲಿನಲ್ಲೇ ಲಂಗರು ಹಾಕಬೇಕು. ಹೆಂಚು, ಕಾಫಿ, ಗೇರುಬೀಜ ಎಲ್ಲ ದೋಣಿಯಲ್ಲಿ ತುಂಬಿ ಹಡಗಿನವರೆಗೆ ಹೊರಬೇಕು. ಮಳೆಗಾಲ ಶುರುವಾದರೆ ಅದೂ ಬಂದ್.

ಇಂಥ ಮೂಲೆಯ ಊರಿನಿಂದ ದೆಹಲಿಗೆ ಹೋದವರು ಮಲ್ಯರು. ಬಜಪೆಯ ಗುಡ್ಡದ ಮೇಲೆ ವಿಮಾನ ನಿಲ್ದಾಣ ಬಂತು, 1951ರ ಡಿಸೆಂಬರ್ 25ರಂದು ನೆಹರು ಡಕೋಟಾ ವಿಮಾನದಲ್ಲಿ ಬಂದಿಳಿದರು. ರೈಲಿಗಿಂತ ಮೊದಲು ವಿಮಾನ ಘಟ್ಟ ಹಾರಿತು ನೋಡಿ! ಕರಾವಳಿಯ ಹೆದ್ದಾರಿ, ಅದರ ಸೇತುವೆಗಳ ಹಿಂದೆಯೂ ಅವರ ಓಡಾಟ ಇತ್ತು.

ನನಗೆ ಎಲ್ಲಕ್ಕಿಂತ ಆಶ್ಚರ್ಯ ಕೆಆರ್‌ಇಸಿಯದ್ದು. ಆಗ ಕೇಂದ್ರ ಮತ್ತು ರಾಜ್ಯ ಸೇರಿ ರಾಜ್ಯಕ್ಕೊಂದರಂತೆ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು ಮಾಡುತ್ತಿದ್ದರು. ಇಡೀ ಮೈಸೂರು ರಾಜ್ಯಕ್ಕೆ ಒಂದೇ. ಬೆಂಗಳೂರಿಗೆ ಹೋಗಲಿಲ್ಲ, ಮೈಸೂರಿಗೆ ಹೋಗಲಿಲ್ಲ. ರಾಜ್ಯಕ್ಕೆ ಸೇರಿ ನಾಲ್ಕೇ ವರ್ಷವಾಗಿದ್ದ ಜಿಲ್ಲೆಯ ಕಡಲ ದಂಡೆಗೆ ಬಂತು, 1960ರಲ್ಲಿ. ಊರಿನ ಉದ್ಯಮಿ ವಿ. ಎಸ್. ಕುಡ್ವರು ಮಲ್ಯರ ಜತೆ ನಿಂತರು. 2002ರಲ್ಲಿ ಅದೇ ಎನ್‌ಐಟಿಕೆ ಆಯಿತು.

ಇನ್ನು ಪಣಂಬೂರು. ಹಳೆ ಬಂದರಿನ ಮರಳಿನ ಜತೆ ಗುದ್ದಾಡುವ ಬದಲು ಉತ್ತರಕ್ಕೆ ಹೋಗಿ, ನೆಲವನ್ನೇ ಅಗೆದು ಕಡಲನ್ನು ಒಳಗೆ ಕರೆದದ್ದು ಈ ಬಂದರು. 1962ರಲ್ಲಿ ಕೆಲಸ ಶುರು. 1974ರಲ್ಲಿ ದೇಶದ ಪ್ರಮುಖ ಬಂದರುಗಳಲ್ಲಿ ಒಂಬತ್ತನೆಯದು ಅಂತ ಘೋಷಣೆ, 1975ರ ಜನವರಿಯಲ್ಲಿ ಇಂದಿರಾ ಗಾಂಧಿಯವರಿಂದ ಉದ್ಘಾಟನೆ. ಮಲ್ಯರು ತೀರಿಹೋಗಿ ಆಗಲೇ ಒಂಬತ್ತು ವರ್ಷ ದಾಟಿತ್ತು. ಒಳಗೆ ಬಂದು ನಿಂತ ಒಂದೇ ಒಂದು ಹಡಗನ್ನೂ ಅವರು ನೋಡಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಹೊಗಳಿಕೆಯ ಭಾಷಣ ಆಗುತ್ತದೆ. ಅಗೆದ ಆ ನೆಲ ಖಾಲಿ ನೆಲವಾಗಿರಲಿಲ್ಲವಲ್ಲ? ಪಣಂಬೂರಿನಲ್ಲಿ ಗದ್ದೆ ಇತ್ತು, ತೆಂಗಿನ ತೋಟ ಇತ್ತು, ಮನೆ, ದೈವಸ್ಥಾನ ಇತ್ತು. ಆ ಕುಟುಂಬಗಳನ್ನು ಎಬ್ಬಿಸಿ ಸುರತ್ಕಲ್ಲಿನ ಒಳಗೆ ಕೃಷ್ಣಾಪುರ, ಕಾಟಿಪಳ್ಳದ ಗುಡ್ಡದಲ್ಲಿ ಸೈಟು ಕೊಟ್ಟು ಕೂರಿಸಿದರು. ಕಡಲ ಬದಿಯವರಿಗೆ ಮುರಕಲ್ಲಿನ ಗುಡ್ಡ. ದಕ್ಷಿಣ ಕನ್ನಡದ ಶಿಲ್ಪಿ ಅಂತ ಮಲ್ಯರನ್ನು ಕರೆಯುವುದು ವಾಡಿಕೆ, ಒಪ್ಪುತ್ತೇನೆ. ಆದರೆ ಆ ಲೆಕ್ಕದಲ್ಲಿ ಕಾಟಿಪಳ್ಳವನ್ನೂ ಬರೆಯಬೇಕು. ಬಂದರು ಬೇಡವಾಗಿತ್ತು ಅಂತ ನಾನು ಹೇಳುತ್ತಿಲ್ಲ, ಅದಿಲ್ಲದ ಮಂಗಳೂರನ್ನು ಊಹಿಸುವುದೂ ಕಷ್ಟ. ಆದರೂ ಎದ್ದು ಹೋದವರ ಹೆಸರು ಯಾವ ಕಲ್ಲಿನ ಮೇಲೂ ನಾನು ಕಂಡಿಲ್ಲ. ಮಲ್ಯರಿಗೆ ಕೊನೇಪಕ್ಷ ಒಂದು ಅಂಚೆ ವಿಳಾಸವಾದರೂ ಸಿಕ್ಕಿತು.

ಸ್ಟೇಟ್‌ಬ್ಯಾಂಕಿನಿಂದ ಸುರತ್ಕಲ್ ಕಡೆಯ ಬಸ್ಸು ಹತ್ತಿದರೆ ಕೂಳೂರು ಸೇತುವೆ, ಎಡಕ್ಕೆ ಬಂದರು, ಬೈಕಂಪಾಡಿ, ಎಲ್ಲ ಸಾಲಾಗಿ ಬರುತ್ತವೆ. ಸುರತ್ಕಲ್ಲಿನಲ್ಲಿ ದಾರಿ ಎರಡಾಗುತ್ತದೆ. ನೇರ ಹೋದರೆ ಶ್ರೀನಿವಾಸನಗರ, ಬಲಕ್ಕೆ ತಿರುಗಿದರೆ ಕೃಷ್ಣಾಪುರ, ಕಾಟಿಪಳ್ಳ. ಮುಂದಿನ ಸಲ ಆ ಗೆಳೆಯನನ್ನು ಬಲಕ್ಕೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ.