ಕಣ್ಣಿನ ಚಲನೆಯ ನರಗಳ ಪಾರ್ಶ್ವವಾಯು

ಕಣ್ಣುಗುಡ್ಡೆಯನ್ನು ಆಡಿಸುವ ಸ್ನಾಯುಗಳಿಗೆ ಮಿದುಳಿನಿಂದ ಸಂದೇಶ ಒಯ್ಯುವ ಮೂರು ಕಪಾಲ ನರಗಳಲ್ಲಿ ಯಾವುದಾದರೂ ಹಾನಿಗೊಂಡು ಕಣ್ಣಿನ ಚಲನೆ ಕುಂದುವ ಅಥವಾ ನಿಂತೇಹೋಗುವ ಸ್ಥಿತಿ. ಎದುರಿನ ವಸ್ತು ಎರಡೆರಡಾಗಿ ಕಾಣುವುದು ಇದರ ಮುಖ್ಯ ಲಕ್ಷಣ. ಒಂದು ಕಣ್ಣು ಮುಚ್ಚಿದ ಕೂಡಲೇ ಎರಡನೆಯ ಬಿಂಬ ಮಾಯವಾಗುತ್ತದೆ; ಒಂದೇ ಕಣ್ಣಿನಲ್ಲಿ ನೋಡಿದರೂ ಜೋಡಿಬಿಂಬ ಉಳಿದರೆ ತೊಂದರೆ ನರದ್ದಲ್ಲ, ಸಾಮಾನ್ಯವಾಗಿ ಪೊರೆಯಂಥ ಕಣ್ಣಿನೊಳಗಿನ ದೋಷದ್ದು.

ರಚನೆ ಮತ್ತು ಲಕ್ಷಣಗಳು

ಪ್ರತಿ ಕಣ್ಣುಗುಡ್ಡೆಯನ್ನು ಆರು ಸ್ನಾಯುಗಳು ಆಡಿಸುತ್ತವೆ. ಅವುಗಳಲ್ಲಿ ನಾಲ್ಕು ಮೂರನೆಯ ಕಪಾಲ ನರಕ್ಕೆ ಸೇರಿದವು. ನಾಲ್ಕನೆಯ ಮತ್ತು ಆರನೆಯ ನರಗಳಿಗೆ ಒಂದೊಂದು. ಕಣ್ಣು ಯಾವ ಕಡೆಗೆ ಹೊರಳದು ಎಂಬುದನ್ನು ನೋಡಿಯೇ ಕೆಟ್ಟಿರುವ ನರವನ್ನು ಬಹುಮಟ್ಟಿಗೆ ಹೇಳಬಹುದು.

ಆರನೆಯ ನರ ಕಣ್ಣನ್ನು ಕಿವಿಯ ಕಡೆಗೆ ಹೊರಳಿಸುತ್ತದೆ. ಅದು ಸೋತರೆ ಕಣ್ಣು ಮೂಗಿನ ಕಡೆಗೆ ವಾಲುತ್ತದೆ, ಬಿಂಬಗಳು ಅಕ್ಕಪಕ್ಕದಲ್ಲಿ ಕಾಣುತ್ತವೆ, ದೂರ ನೋಡುವಾಗ ತೊಂದರೆ ಹೆಚ್ಚು. ತಲೆಬುರುಡೆಯ ತಳದ ಎಲುಬಿನ ಮೇಲೆ ಹತ್ತಿ, ಅಂಚಿನಲ್ಲಿ ಬಾಗಿ ಸಾಗುವ ಈ ನರ ತಲೆಯೊಳಗಿನ ಒತ್ತಡ ಏರಿದಾಗ ಜಗ್ಗಿಹೋಗುತ್ತದೆ. ಗೆಡ್ಡೆ ಬೇರೆಲ್ಲೋ ಇದ್ದರೂ ಸೋಲುವುದು ಈ ನರ. ಹೀಗೆ ದಾರಿ ತಪ್ಪಿಸುವ ಚಿಹ್ನೆಗಳನ್ನು ನರತಜ್ಞ ಜೇಮ್ಸ್ ಕೊಲಿಯರ್ 1904ರಲ್ಲಿ ವಿವರಿಸಿದರು.

ನಾಲ್ಕನೆಯ ನರ ಅತಿ ತೆಳು. ಮಿದುಳುಕಾಂಡದ ಹಿಂಬದಿಯಿಂದ ಹೊರಡುವ ಕಪಾಲ ನರ ಇದೊಂದೇ. ಇದಕ್ಕೆ ಸೇರಿದ ಸ್ನಾಯುವಿನ ಕಂಡರ, ಬಾವಿಯ ರಾಟೆಯ ಮೇಲೆ ಹಗ್ಗ ಹಾದಂತೆ, ಕಣ್ಣುಗೂಡಿನ ಒಳಮೂಲೆಯ ಉಂಗುರವೊಂದರ ಮೂಲಕ ಹಾಯುತ್ತದೆ. ನರ ಸೋತಾಗ ಬಿಂಬಗಳು ಮೇಲೆ ಕೆಳಗೆ, ಓರೆಯಾಗಿ ಕಾಣುತ್ತವೆ; ಮೆಟ್ಟಿಲಿಳಿಯುವುದು, ಓದುವುದು ಕಷ್ಟ. ರೋಗಿ ಅರಿವಿಲ್ಲದೆ ತಲೆಯನ್ನು ಇನ್ನೊಂದು ಬದಿಯ ಭುಜಕ್ಕೆ ವಾಲಿಸಿರುತ್ತಾರೆ. ಬಾಲ್ಯದ ಫೋಟೋಗಳಲ್ಲೂ ತಲೆ ಹಾಗೆಯೇ ವಾಲಿದ್ದರೆ ದೋಷ ಹುಟ್ಟಿನಿಂದ ಬಂದದ್ದೆಂದು ಊಹಿಸಬಹುದು.

ಮೂರನೆಯ ನರ ಪೂರ್ತಿ ಸೋತರೆ ರೆಪ್ಪೆ ಜೋತುಬೀಳುತ್ತದೆ, ಕಣ್ಣು ಹೊರಕ್ಕೂ ಕೆಳಕ್ಕೂ ತಿರುಗಿ ನಿಲ್ಲುತ್ತದೆ. ರೆಪ್ಪೆಯೇ ಕಣ್ಣನ್ನು ಮುಚ್ಚಿದಾಗ ಜೋಡಿಬಿಂಬ ಕಾಣದು. ಬೆರಳಿನಿಂದ ಎತ್ತಿದಾಗ ಕಾಣುತ್ತದೆ.

ಕಾರಣಗಳು

ಐವತ್ತು ದಾಟಿದವರಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಂದ ನರಕ್ಕೆ ರಕ್ತ ಒದಗಿಸುವ ಸಣ್ಣ ನಾಳ ಕಟ್ಟುವುದು ಸಾಮಾನ್ಯ. ತಲೆಗೆ ಪೆಟ್ಟು, ಗೆಡ್ಡೆ, ಕ್ಷಯದ ಮಿದುಳುಪೊರೆಯ ಉರಿಯೂತ ಇತರ ಕಾರಣಗಳು. 2021ರಲ್ಲಿ ಕೋವಿಡ್ ಜೊತೆ ಭಾರತದಲ್ಲಿ ಹರಡಿದ ಕಪ್ಪು ಶಿಲೀಂಧ್ರ ರೋಗದಲ್ಲೂ ರೆಪ್ಪೆ ಜೋತು ಕಣ್ಣು ಅಲುಗದಾಗುತ್ತಿತ್ತು.

ಎಲ್ಲಕ್ಕಿಂತ ಅಪಾಯಕಾರಿಯಾದುದು ಮಿದುಳಿನ ಅಪಧಮನಿಯ ಉಬ್ಬು ಮೂರನೆಯ ನರವನ್ನು ಒತ್ತುವುದು. ಕಣ್ಣಪಾಪೆಯನ್ನು ಕಿರಿದಾಗಿಸುವ ತಂತುಗಳು ಈ ನರದ ಹೊರಮೈಯಲ್ಲೇ ಇರುವುದರಿಂದ ಹೊರಗಿನ ಒತ್ತಡ ಮೊದಲು ತಾಗುವುದು ಅವಕ್ಕೆ. ಪಾಪೆ ಹಿಗ್ಗಿ ಬೆಳಕಿಗೆ ಕಿರಿದಾಗದು. ಸಕ್ಕರೆ ಕಾಯಿಲೆಯಲ್ಲಿ ಕೆಡುವುದು ನರದ ಒಳಭಾಗವಾದ್ದರಿಂದ ಪಾಪೆ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ತೀವ್ರ ತಲೆನೋವು, ಜೋತ ರೆಪ್ಪೆ, ಹಿಗ್ಗಿದ ಪಾಪೆ ಒಟ್ಟಿಗೆ ಕಂಡರೆ ಅದೇ ದಿನ ಸಿಟಿ ಅಥವಾ ಎಂಆರ್ ಆಂಜಿಯೋಗ್ರಫಿ ಆಗಬೇಕು.

ನರ ಕೆಡದೆಯೂ ಇದೇ ನೋಟ ಕಾಣಬಹುದು. ನರ ಮತ್ತು ಸ್ನಾಯು ಕೂಡುವ ತಾವು ಕೆಡುವ ಮಯಸ್ತೇನಿಯಾ ರೋಗದಲ್ಲಿ ತೊಂದರೆ ಸಂಜೆಗೆ ಹೆಚ್ಚುತ್ತದೆ. ರೆಪ್ಪೆಯ ಮೇಲೆ ಎರಡು ನಿಮಿಷ ಮಂಜುಗಡ್ಡೆ ಇಟ್ಟರೆ ಅದು ಮೇಲೇಳುತ್ತದೆ. ನಾಗರ, ಕಟ್ಟುಹಾವುಗಳ ವಿಷವೂ ನರ ಮತ್ತು ಸ್ನಾಯು ಕೂಡುವ ಇದೇ ತಾವನ್ನು ತಡೆಯುತ್ತದೆ.

ಚಿಕಿತ್ಸೆ

ಮೊದಲ ಚಿಕಿತ್ಸೆ ಮೂಲ ಕಾರಣಕ್ಕೆ: ಸಕ್ಕರೆ, ರಕ್ತದೊತ್ತಡಗಳ ನಿಯಂತ್ರಣ, ಸೋಂಕಿಗೆ ಔಷಧ, ಅಪಧಮನಿಯ ಉಬ್ಬಿಗೆ ಕ್ಲಿಪ್ ಅಥವಾ ಕಾಯಿಲ್. ಸಣ್ಣ ನಾಳ ಕಟ್ಟಿ ಬಂದ ಸೋಲು ಬಹುತೇಕ ಮೂರು ತಿಂಗಳೊಳಗೆ ತಾನಾಗಿ ಸರಿಹೋಗುತ್ತದೆ; ಹೋಗದಿದ್ದರೆ ಬೇರೆ ಕಾರಣ ಹುಡುಕಬೇಕು.

ಅಲ್ಲಿಯವರೆಗೆ ಒಂದು ಕಣ್ಣಿಗೆ ಪಟ್ಟಿ ಕಟ್ಟಬಹುದು, ಕನ್ನಡಕದ ಒಂದು ಗಾಜಿಗೆ ಮಸುಕು ಟೇಪು ಅಂಟಿಸಬಹುದು. ಬಿಂಬಗಳ ಅಂತರ ಕಡಿಮೆಯಿದ್ದರೆ ಗಾಜಿಗೆ ಅಂಟಿಸುವ ತೆಳು ಫ್ರೆನೆಲ್ ಪ್ರಿಸಂ ಅವನ್ನು ಒಂದಾಗಿಸುತ್ತದೆ. ಆರನೆಯ ನರ ಸೋತವರಲ್ಲಿ ಅದೇ ಕಣ್ಣಿನ ಮೂಗಿನ ಬದಿಯ ಸ್ನಾಯುವಿಗೆ ಬೊಟ್ಯುಲಿನಂ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಚುಚ್ಚಿ, ಅದರ ಎಳೆತವನ್ನು ಕೆಲವು ತಿಂಗಳು ಸಡಿಲಿಸುವುದುಂಟು. ಇಂದು ಮುಖದ ಸುಕ್ಕಿಗೆ ಹೆಸರಾದ ಈ ಔಷಧವನ್ನು ಅಮೆರಿಕದ ನೇತ್ರತಜ್ಞ ಅಲನ್ ಸ್ಕಾಟ್ ರೂಪಿಸಿದ್ದು ಮೆಳ್ಳಗಣ್ಣಿಗಾಗಿ; ಅಮೆರಿಕದಲ್ಲಿ 1989ರಲ್ಲಿ ಮೊದಲ ಅನುಮತಿ ದೊರೆತದ್ದೂ ಕಣ್ಣಿನ ತೊಂದರೆಗಳಿಗೇ.

ಆರು ತಿಂಗಳಾದರೂ ಚೇತರಿಸದೆ, ಕಣ್ಣಿನ ಓರೆ ಸ್ಥಿರವಾಗಿ ನಿಂತರೆ ಶಸ್ತ್ರಚಿಕಿತ್ಸೆ. ಬಿಗಿಯಾದ ಸ್ನಾಯುವನ್ನು ಹಿಂದಕ್ಕೆ ಸರಿಸಿ, ಸೋತದ್ದನ್ನು ಮೊಟಕುಗೊಳಿಸಿ ಹೊಲಿಯುತ್ತಾರೆ. ಸ್ನಾಯು ಪೂರ್ತಿ ಸೋತಿದ್ದರೆ ಮೇಲಿನ ಮತ್ತು ಕೆಳಗಿನ ಸ್ನಾಯುಗಳ ಒಂದು ಭಾಗವನ್ನು ಅದರ ಬದಿಗೆ ತಂದು ಜೋಡಿಸುತ್ತಾರೆ. ಈ ಕ್ರಮವನ್ನು ನೇತ್ರತಜ್ಞ ಹುಮ್ಮೆಲ್‌ಶೈಮ್ 1907ರಲ್ಲಿ ವಿವರಿಸಿದರು. ಶಸ್ತ್ರಚಿಕಿತ್ಸೆ ನರವನ್ನು ರಿಪೇರಿ ಮಾಡದು. ನೇರ ನೋಡುವಾಗ ಮತ್ತು ಓದುವಾಗ ಒಂದೇ ಬಿಂಬ ಕಾಣುವಂತೆ ಮಾಡುವುದೇ ಅದರ ಗುರಿ. ತೀರ ಪಕ್ಕಕ್ಕೆ ನೋಡಿದಾಗ ಜೋಡಿಬಿಂಬ ಉಳಿಯಬಹುದು.

ಮಕ್ಕಳಲ್ಲಿ

ಮಗುವಿನ ಮಿದುಳು ಓರೆಯಾದ ಕಣ್ಣಿನ ಬಿಂಬವನ್ನು ಅದುಮಿಬಿಡುವುದರಿಂದ ಮಗು ಜೋಡಿಬಿಂಬದ ದೂರು ಹೇಳದಿರಬಹುದು, ಆದರೆ ಆ ಕಣ್ಣಿನ ದೃಷ್ಟಿ ಬೆಳೆಯದೆ ಮಂದವಾಗುತ್ತದೆ. ಮೆಳ್ಳಗಣ್ಣು ಅದೃಷ್ಟದ ಗುರುತೆಂಬ ನಂಬಿಕೆಯಿಂದ ತಪಾಸಣೆ ತಡವಾದರೆ ಈ ನಷ್ಟ ತುಂಬುವುದು ಕಷ್ಟ. ಒಳ್ಳೆಯ ಕಣ್ಣಿಗೆ ದಿನವೂ ಕೆಲವು ಗಂಟೆ ಪಟ್ಟಿ ಕಟ್ಟಿ ಮಂದ ಕಣ್ಣಿಗೆ ಕೆಲಸ ಕೊಡುವ ಚಿಕಿತ್ಸೆ ಎಳೆಯ ವಯಸ್ಸಿನಲ್ಲೇ ಹೆಚ್ಚು ಫಲ ಕೊಡುತ್ತದೆ.