ಬೆನ್ನಿಗೊಂದು ಸ್ಟಾಪ್‌ವಾಚ್

ಫೋನ್ ಮೇಲೆ ಬಗ್ಗಿ ಕೂತಿದ್ರೆ ಒಂದ್ಸಲ ನೆಟ್ಟಗೆ ಕೂತ್ಕೊಳ್ಳಿ. ಇವತ್ತಿನ ಕಥೆ ಬೆನ್ನಿನದು.

ಹೋದ ವರ್ಷ ಒಂದು ಜಿಮ್ ಸೇರಿದೆ. ದಿನಕ್ಕೆ ಏಳೆಂಟು ಗಂಟೆ ಆಡಿಯೋ ಎಡಿಟ್ ಮಾಡಿ ಮಾಡಿ ಸೊಂಟ ಹಿಡ್ಕೊಳ್ತಿತ್ತು. ಮೊದಲ ದಿನವೇ ಟ್ರೈನರ್ ನನ್ನನ್ನು ಬೆಂಚಿನ ಮೇಲೆ ಬೋರಲು ಮಲಗಿಸಿ, ಕಾಲು ಒತ್ತಿ ಹಿಡಿದು, ಸೊಂಟದಿಂದ ಮೇಲಿನ ಮೈಯನ್ನು ಗಾಳಿಯಲ್ಲಿ ನೇರವಾಗಿ ಹಿಡೀರಿ ಅಂದ್ರು. 71 ಸೆಕೆಂಡಿಗೆ ಕುಸಿದೆ. "ಬೆನ್ನು ತುಂಬಾ ವೀಕು ಸರ್" ಅಂತ ಆರು ತಿಂಗಳ ಪ್ಯಾಕೇಜ್ ಮುಂದಿಟ್ರು. ಹೆದರಿ ದುಡ್ಡು ಕಟ್ಟಿದೆ. ಮೂರನೇ ದಿನ ಗೆಳೆಯನೊಬ್ಬ ಪಕ್ಕದಲ್ಲಿ ನಿಂತು ಎಣಿಸಿದಾಗ 98 ಸೆಕೆಂಡ್! ಎರಡು ದಿನದಲ್ಲಿ ಬೆನ್ನು ಅಷ್ಟು ಗಟ್ಟಿಯಾಯ್ತಾ? ನಾನು ಬಿ.ಕಾಂ. ಓದಿದವನು, ಲೆಕ್ಕ ಟ್ಯಾಲಿ ಆಗದಿದ್ರೆ ನಿದ್ದೆ ಬರಲ್ಲ. ಈ ಟೆಸ್ಟ್ ಎಲ್ಲಿಂದ ಬಂತು ಅಂತ ಹುಡುಕ್ತಾ ಹೋದೆ. ದಾರಿ ಡೆನ್ಮಾರ್ಕ್ ತಲುಪಿತು.

ಇದರ ಹೆಸರು ಸೊರೆನ್ಸನ್ ಟೆಸ್ಟ್. ಫಿನ್ ಬೀರಿಂಗ್-ಸೊರೆನ್ಸನ್ ಅನ್ನೋ ಡ್ಯಾನಿಶ್ ವೈದ್ಯರು ಕೋಪನ್‌ಹೇಗನ್ ಪಕ್ಕದ ಗ್ಲೊಸ್ಟ್ರುಪ್‌ನಲ್ಲಿ ನಡೆಸಿದ ಅಧ್ಯಯನ 1984ರಲ್ಲಿ ಪ್ರಕಟವಾಯ್ತು. 449 ಗಂಡಸರು, 479 ಹೆಂಗಸರು, ವಯಸ್ಸು 30, 40, 50 ಮತ್ತು 60. ಎಲ್ಲರ ದೇಹ ಪರೀಕ್ಷೆ ಮಾಡಿ, ಒಂದು ವರ್ಷ ಬಿಟ್ಟು, ಈ ನಡುವೆ ಬೆನ್ನುನೋವು ಬಂತಾ ಅಂತ ವಿಚಾರಿಸಿದ್ರು. ಆ ಪರೀಕ್ಷೆಗಳಲ್ಲಿ ಇದೂ ಒಂದು. ಕಾಲಿಗೆ ಬೆಲ್ಟ್ ಬಿಗಿದು, ಕೈಗಳನ್ನು ಎದೆ ಮೇಲೆ ಕಟ್ಟಿ, ಹೆಚ್ಚೆಂದರೆ 240 ಸೆಕೆಂಡ್ ತಡೆದು ಹಿಡಿಯೋದು.

ಸಿಕ್ಕ ಉತ್ತರ ಸ್ವಾರಸ್ಯದ್ದು. ಹೆಚ್ಚು ಹೊತ್ತು ಹಿಡಿದ ಗಂಡಸರಿಗೆ ಮೊದಲ ಸಲ ಬೆನ್ನುನೋವು ಬರೋ ಸಾಧ್ಯತೆ ಕಡಿಮೆ ಕಂಡಿತು. ಹೆಂಗಸರಲ್ಲಿ ಆ ನಂಟು ಕಾಣಲಿಲ್ಲ. ಈ ಎರಡನೇ ವಾಕ್ಯ ಜಿಮ್‌ವರೆಗೆ ಬರೋಷ್ಟರಲ್ಲಿ ದಾರಿಯಲ್ಲೇ ಎಲ್ಲೋ ಬಿದ್ದುಹೋಗಿದೆ.

ಅಂದ ಹಾಗೆ, ಟೆಸ್ಟ್ ಅವರ ಸ್ವಂತದ್ದೂ ಅಲ್ಲ. 1964ರಲ್ಲೇ ಹ್ಯಾನ್ಸನ್ ಅನ್ನೋವರು ಇದನ್ನ ವಿವರಿಸಿದ್ರು. ಹೆಸರು ಮಾತ್ರ ಇಪ್ಪತ್ತು ವರ್ಷ ಆಮೇಲೆ ಬಂದವರಿಗೆ ಅಂಟಿತು.

ಮಷೀನ್ ಬೇಡ, ಖರ್ಚಿಲ್ಲ. ಟೇಬಲ್, ಬೆಲ್ಟ್, ಸ್ಟಾಪ್‌ವಾಚ್ ಇದ್ರೆ ಸಾಕು. ಹಾಗಾಗಿ ಬೇಗ ಹಬ್ಬಿತು. ಹಬ್ಬಿದ ಮೇಲೆ ಹುಟ್ಟಿದ ಪ್ರಶ್ನೆ ನನ್ನದೇ: ಇವತ್ತಿನ ಅಂಕಿ ನಾಳೆಯೂ ಬರುತ್ತಾ? 1999ರಲ್ಲಿ ಲ್ಯಾಟಿಮರ್ ಮತ್ತು ಜೊತೆಗಾರರು ಅದನ್ನ ಅಳೆದ್ರು. ಅಳತೆಗೋಲಿನ ಹೆಸರು ಐಸಿಸಿ, ಕ್ರಿಕೆಟ್‌ದಲ್ಲ. 1 ಬಂದ್ರೆ ಪಕ್ಕಾ, 0 ಬಂದ್ರೆ ಬರೀ ಅದೃಷ್ಟ. ಆಗ ನೋವಿದ್ದವರಲ್ಲಿ 0.88, ಹಿಂದೆ ನೋವಿದ್ದವರಲ್ಲಿ 0.77, ನೋವೇ ಇಲ್ಲದವರಲ್ಲಿ 0.83. ಒಳ್ಳೇ ಅಂಕಗಳೇ.

ಹಾಗಾದ್ರೆ ನನ್ನ 71, 98 ಏನು? ಇಲ್ಲೇ ನಾನೂ ಮೊದಲು ಎಡವಿದೆ. ಐಸಿಸಿ ಹೇಳೋದು ಗುಂಪಿನ ವಿಷಯ. ಒಂದು ಕ್ಲಾಸಿಗೆ ಎರಡು ಸಲ ಪರೀಕ್ಷೆ ಇಟ್ರೆ, ಫಸ್ಟ್ ಬಂದವನು ಮತ್ತೆ ಮೇಲೇ ಇರ್ತಾನೆ, ಲಾಸ್ಟ್ ಬಂದವನು ಕೆಳಗೇ ಇರ್ತಾನೆ. ಆದ್ರೆ ಒಬ್ಬೊಬ್ಬರ ಅಂಕ ಹತ್ತು ಹದಿನೈದು ಅತ್ತಿತ್ತ ಆಗಿರಬಹುದು. ಕ್ಲಾಸಿನ ಪಟ್ಟಿ ನಂಬಬಹುದು, ಒಬ್ಬನ ಒಂದೇ ದಿನದ ಅಂಕಿ ಹಿಡಿದು ತೀರ್ಪು ಕೊಡೋದು ಬೇರೆ ಮಾತು. ಅದೂ ಅಲ್ಲದೆ ಅಧ್ಯಯನಗಳಲ್ಲಿ ಎಲ್ಲರಿಗೂ ಒಂದೇ ಬೆಲ್ಟ್, ಒಂದೇ ಸೂಚನೆ, ನಿಲ್ಲಿಸೋಕೆ ಒಂದೇ ನಿಯಮ. ನನ್ನ ಕಾಲು ಹಿಡಿದಿದ್ದ ಟ್ರೈನರ್ ನಡುವೆ ಒಂದು ಫೋನ್ ಕಾಲ್ ಮುಗಿಸಿದ್ರು.

ಇನ್ನೊಂದಿದೆ. ಅಂಕಿ ಸ್ಥಿರವಾಗಿದ್ರೂ ಅದು ಯಾವುದರ ಅಂಕಿ? 1998ರಲ್ಲಿ ಫಿನ್ಲೆಂಡ್‌ನ ಕಂಕಾನ್‌ಪಾ ತಂಡ ನೋಡಿದಾಗ, ಇದರಲ್ಲಿ ಬೆನ್ನಿನ ಜೊತೆ ಪೃಷ್ಠದ ಸ್ನಾಯುಗಳೂ ದಣೀತಾವೆ, ಮೈತೂಕವೂ ಲೆಕ್ಕಕ್ಕೆ ಬರುತ್ತೆ ಅಂತ ಕಂಡಿತು. ಕೆನಡಾದ ಸ್ಟುವರ್ಟ್ ಮೆಕ್‌ಗಿಲ್ 1999ರಲ್ಲಿ ಆರೋಗ್ಯವಂತ ಯುವಕ ಯುವತಿಯರನ್ನ ಅಳೆದಾಗ ಹುಡುಗರ ಸರಾಸರಿ 146 ಸೆಕೆಂಡ್, ಹುಡುಗಿಯರದ್ದು 189. ಎಲ್ಲರಿಗೂ ಒಂದೇ ಪಾಸ್ ಮಾರ್ಕ್ ಇಡೋದು ಹೇಗೆ ಹೇಳಿ? ಇನ್ನು ಹಟ, ಹೆದರಿಕೆ, ಪಕ್ಕದಲ್ಲಿ ಗೆಳೆಯ ನಿಂತಿದ್ದಾನೆ ಅನ್ನೋ ಮರ್ಯಾದೆ. ನನ್ನ ಹೆಚ್ಚುವರಿ 27 ಸೆಕೆಂಡಿನಲ್ಲಿ ಬೆನ್ನಿನ ಪಾಲು ಎಷ್ಟು, ಮರ್ಯಾದೆಯ ಪಾಲು ಎಷ್ಟು, ಯಾವ ಸ್ಟಾಪ್‌ವಾಚೂ ಬಿಡಿಸಿ ಹೇಳಲ್ಲ.

ಹಾಗಂತ ನನ್ನ ಬೆನ್ನು ಗಟ್ಟಿ ಇತ್ತು ಅಂತ ವಾದ ಮಾಡ್ತಿಲ್ಲ. 98 ಅಂದ್ರೂ ಆ ಹುಡುಗರ ಸರಾಸರಿಗಿಂತ ತುಂಬಾ ಕೆಳಗೇ. ವ್ಯಾಯಾಮ ಬೇಕಿತ್ತು, ಮಾಡಿದೆ, ನೋವು ಕಡಿಮೆಯಾಗಿದೆ. ಹೋದ ವಾರ ಪ್ಯಾಕೇಜ್ ಮುಗೀತು. ಟ್ರೈನರ್ ಮತ್ತೆ ಬೆಂಚ್ ಹತ್ರ ಕರೆದು, "ಪ್ರೋಗ್ರೆಸ್ ನೋಡೋಣ ಸರ್" ಅಂದ್ರು. "ಇವತ್ತು ಒಂದ್ಸಲ, ನಾಡಿದ್ದು ಒಂದ್ಸಲ ಮಾಡೋಣ, ಕಾಲಿಗೆ ಬೆಲ್ಟ್ ಕಟ್ಟಿ" ಅಂದೆ. ಬೆಲ್ಟ್ ಇರಲಿಲ್ಲ. ತರಿಸ್ತೀನಿ ಅಂದಿದ್ದಾರೆ.