ಬಸುರಿನ ಲೆಕ್ಕ

ಹೆರಿಗೆಯ ಕಾಲ ಸಮೀಪಿಸಿದ ಹೆಂಗಸನ್ನು ಕಂಡು ನಮ್ಮವರು 'ದಿನ ತುಂಬಿದೆ' ಎನ್ನುತ್ತಾರೆ. ಕೊಡ ತುಂಬುವಂತೆ, ಕೆರೆ ತುಂಬುವಂತೆ ದಿನ ತುಂಬುತ್ತದೆ. ಇಂಥ ತಾರೀಖಿಗೇ ತುಂಬಬೇಕೆಂಬ ಹಟ ಆ ಮಾತಿನಲ್ಲಿಲ್ಲ. ಇಂದು ಅದೇ ಹೆಂಗಸಿನ ಕೈಯಲ್ಲಿರುವ ಮೊಬೈಲು ಬೇರೊಂದು ಭಾಷೆಯನ್ನಾಡುತ್ತದೆ: '22 ವಾರ 3 ದಿನ ಕಳೆಯಿತು, ಇನ್ನುಳಿದದ್ದು 123 ದಿನ.' ಹೆರಿಗೆಯಾದ ಮೇಲೂ ಅದರ ಎಣಿಕೆ ನಿಲ್ಲದು. ಕೂಸು ಎಷ್ಟು ಸಲ ಹಾಲು ಕುಡಿಯಿತು, ಎಷ್ಟು ಹೊತ್ತು ಮಲಗಿತು, ಯಾವ ಚುಚ್ಚುಮದ್ದು ಬಾಕಿಯಿದೆ, ಎಲ್ಲಕ್ಕೂ ಅದರಲ್ಲಿ ಜಾಗವುಂಟು. ಇದು ತೀರ ಹೊಸದೆಂದು ನಮಗೆ ತೋರುತ್ತದೆ. ಆದರೆ ಈ ಲೆಕ್ಕಕ್ಕೆ ದೀರ್ಘವಾದ ಚರಿತ್ರೆಯಿದೆ; ಆ ಚರಿತ್ರೆಯಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆ ಒಂದೇ: ಲೆಕ್ಕದ ಪುಸ್ತಕ ಯಾರ ಕೈಯಲ್ಲಿರಬೇಕು?

ಹಿಂದೆ ಅದು ಮನೆಯ ಹಿರಿಯ ಹೆಂಗಸಿನ ನೆನಪಿನಲ್ಲಿತ್ತು. ಮುಟ್ಟು ನಿಂತ ತಿಂಗಳನ್ನು ಹುಣ್ಣಿಮೆಯಿಂದಲೋ ಹಬ್ಬದಿಂದಲೋ ಗುರುತಿಟ್ಟುಕೊಂಡು ಬೆರಳು ಮಡಚಿ ಎಣಿಸುತ್ತಿದ್ದರು. ಸೀಮಂತವಾಗಲಿ, ಉತ್ತರ ಕರ್ನಾಟಕದ ಕುಬುಸವಾಗಲಿ ಶಾಸ್ತ್ರವಾಗಿದ್ದಂತೆಯೇ, ಈಕೆಗೆ ಇಷ್ಟು ತಿಂಗಳಾಯಿತೆಂದು ನೆರೆಹೊರೆಗೆ ತಿಳಿಸುವ ಉಪಾಯವೂ ಆಗಿತ್ತು. ಮಿಕ್ಕುದನ್ನು ಸೂಲಗಿತ್ತಿಯ ಕೈ ಹೇಳುತ್ತಿತ್ತು. 2018ರಲ್ಲಿ ಪದ್ಮಶ್ರೀ ಪಡೆದು ಆ ವರ್ಷದ ಕೊನೆಯಲ್ಲೇ ತೀರಿಕೊಂಡ ಪಾವಗಡದ ಸೂಲಗಿತ್ತಿ ನರಸಮ್ಮನವರು ಅಕ್ಷರ ಕಲಿತವರಲ್ಲ. 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಕಾಸು ಮುಟ್ಟದೆ ಮಾಡಿಸಿದವರು. ಹಾಗೆಂದು ಹಳೆಯದೆಲ್ಲ ಹೊನ್ನೆಂದು ಹೊಗಳುವುದು ಸಲ್ಲದು. ರಕ್ತಸ್ರಾವಕ್ಕೂ ನಂಜಿಗೂ ತುತ್ತಾದ ತಾಯಂದಿರೆಷ್ಟೆಂಬುದನ್ನು ಆ ನೆನಪು ಬರೆದಿಡಲಿಲ್ಲ.

ಬೆರಳಿನ ಲೆಕ್ಕವನ್ನು ಸೂತ್ರವಾಗಿಸಿದ ಕೀರ್ತಿ ಜರ್ಮನಿಯ ಹೈಡೆಲ್‌ಬರ್ಗಿನ ವೈದ್ಯ ನೇಗೆಲೆಗೆ ಸಲ್ಲುತ್ತದೆ. ಕೊನೆಯ ಮುಟ್ಟಿನ ಮೊದಲ ದಿನದಿಂದ ಮೂರು ತಿಂಗಳು ಹಿಂದಕ್ಕೆ ಹೋಗಿ ಏಳು ದಿನ ಕೂಡಿಸಿದರೆ ಮುಂದಿನ ವರ್ಷದ ಹೆರಿಗೆಯ ದಿನ ದೊರೆಯುತ್ತದೆ ಎಂಬುದು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಆತನಿಂದ ಪ್ರಚಾರಕ್ಕೆ ಬಂತು. ಅದಕ್ಕೂ ಹಿಂದೆ ಹಾಲೆಂಡಿನ ಬೋರ್ಹಾವೆ ಇದೇ ಮಾತನ್ನು ಹೇಳಿದ್ದನು. ಒಟ್ಟು 280 ದಿನ. ಮೊಬೈಲಿನ ಒಡಲಲ್ಲಿ ಇಂದಿಗೂ ಕುಳಿತಿರುವುದು ಈ ಹಳೆಯ ಸೂತ್ರವೇ. 1958ರಲ್ಲಿ ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಅಲ್ಟ್ರಾಸೌಂಡಿನ ಫಲಿತಾಂಶಗಳನ್ನು ಪ್ರಕಟಿಸಿದ ಮೇಲೆ ಅದನ್ನು ಒರೆಹಚ್ಚಿ ನೋಡಲು ಸಾಧ್ಯವಾಯಿತು. ಆದರೂ ಗೊತ್ತುಮಾಡಿದ ದಿನವೇ ಹುಟ್ಟುವ ಕೂಸುಗಳು ನೂರಕ್ಕೆ ಸುಮಾರು ನಾಲ್ಕೈದು ಮಾತ್ರ. 'ದಿನ ತುಂಬುವುದು' ಎಂಬ ನಮ್ಮ ಮಾತೇ ಸತ್ಯಕ್ಕೆ ಹತ್ತಿರವಾಯಿತು!

ಎಣಿಕೆಯ ಜೊತೆಗೆ ತಪಾಸಣೆಯೂ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಹೆರಿಗೆಗೆ ಮುಂಚೆಯೇ ಬಸುರಿಯರಿಗೆ ಆಸ್ಪತ್ರೆಯಲ್ಲಿ ಹಾಸಿಗೆ ಬೇಕೆಂದು ಎಡಿನ್‌ಬರೋದ ಬ್ಯಾಲಂಟೈನ್ ವಾದಿಸಿದನು. 1901ರಲ್ಲಿ ಅಲ್ಲಿ ಅಂಥದೊಂದು ಹಾಸಿಗೆ ಸಿದ್ಧವಾಯಿತು. 1929ರಲ್ಲಿ ಬ್ರಿಟನ್ನಿನ ಆರೋಗ್ಯ ಇಲಾಖೆ ಯಾವ ಯಾವ ವಾರ ಪರೀಕ್ಷೆ ಆಗಬೇಕೆಂಬ ಪಟ್ಟಿಯನ್ನೇ ಹೊರಡಿಸಿತು. ತಾಯಂದಿರಿಗೆ ಇದರಿಂದ ಉಪಕಾರವಾಯಿತು. ಆದರೆ ಬರಹವೆಲ್ಲ ಆಸ್ಪತ್ರೆಯ ದಫ್ತರಿಗೆ ಸೇರಿತು. ತನ್ನ ಒಡಲಿನ ವಿಚಾರವನ್ನು ತಾಯಿ ಇನ್ನೊಬ್ಬರನ್ನು ಕೇಳಿ ತಿಳಿಯುವಂತಾಯಿತು.

ಪುಸ್ತಕ ತಾಯಿಯ ಕೈಗೆ ಮರಳಿದ ಕಥೆ ಸ್ವಾರಸ್ಯವಾದದ್ದು. ಜಪಾನು 1942ರಲ್ಲಿ ಬಸುರಿಯರಿಗೆ ಒಂದು ಕೈಪುಸ್ತಕ ಕೊಟ್ಟಿತು. ಅದನ್ನು ತೋರಿಸಿದವರಿಗೆ ಯುದ್ಧಕಾಲದ ಪಡಿತರದಲ್ಲಿ ಹೆಚ್ಚಿನ ಪಾಲು ದೊರೆಯುತ್ತಿತ್ತು. ಸರ್ಕಾರದ ಕಣ್ಣು ಜನಸಂಖ್ಯೆಯ ಮೇಲಿತ್ತೆಂಬುದು ನಿಜ. ಆದರೂ ಪುಸ್ತಕ ತಾಯಿಯ ಬಳಿಯೇ ಉಳಿಯಿತು. 1948ರಲ್ಲಿ ಮಗುವಿನ ಬೆಳವಣಿಗೆಯ ಲೆಕ್ಕವೂ ಅದರೊಳಗೆ ಸೇರಿ, ತಾಯಿಗೂ ಮಗುವಿಗೂ ಒಂದೇ ಪುಸ್ತಕವಾಯಿತು. ಇತ್ತ ನೈಜೀರಿಯದ ಇಮೆಸಿ-ಇಲೆ ಎಂಬ ಹಳ್ಳಿಯಲ್ಲಿ ಕೆಲಸಕ್ಕೆ ನಿಂತ ಡೇವಿಡ್ ಮಾರ್ಲಿ ಎಂಬ ಇಂಗ್ಲಿಷ್ ವೈದ್ಯ ಇನ್ನೊಂದು ಹೆಜ್ಜೆ ಮುಂದಿಟ್ಟನು. ಕೂಸಿನ ತೂಕವನ್ನು ತಿಂಗಳು ತಿಂಗಳಿಗೆ ಒಂದು ಚುಕ್ಕಿಯಾಗಿ ಗುರುತಿಸುವ ಕಾರ್ಡನ್ನು ರೂಪಿಸಿ ತಾಯಂದಿರ ಕೈಗೇ ಕೊಟ್ಟನು. ಚುಕ್ಕಿಗಳು ಮೇಲೇರುತ್ತಿದ್ದರೆ ಸರಿ, ಮಟ್ಟಸವಾದರೆ ಎಚ್ಚರಿಕೆ. ಓದುಬರಹ ಬಾರದವಳಿಗೂ ತಿಳಿಯುವ ಲಿಪಿ ಅದು. ಓದಲಾರದವರು ಕಾಗದವನ್ನು ಕಾಪಾಡಲಾರರು ಎಂಬ ವಿದ್ಯಾವಂತರ ಅನುಮಾನಕ್ಕೆ ಇದಕ್ಕಿಂತ ಉತ್ತರ ಬೇಕೆ? 2010ರಲ್ಲಿ ಭಾರತ ಸರ್ಕಾರ ರೂಪಿಸಿದ ತಾಯಿ-ಮಗು ರಕ್ಷಣಾ ಕಾರ್ಡೂ, ನಮ್ಮ ಹಳ್ಳಿಗಳಲ್ಲಿ ಮನೆಮಾತಾದ ತಾಯಿ ಕಾರ್ಡೂ ಇದೇ ವಂಶಕ್ಕೆ ಸೇರಿದವು.

ಈ ವಂಶದ ಕಿರಿಯ ಕುಡಿಯೇ ಮೊಬೈಲು. ಅಮೆರಿಕದಲ್ಲಿ 2010ರಲ್ಲಿ, ದಕ್ಷಿಣ ಆಫ್ರಿಕದಲ್ಲಿ 2014ರಲ್ಲಿ ಬಸುರಿಯರಿಗೆ ಕಿರುಸಂದೇಶ ಕಳುಹಿಸುವ ಏರ್ಪಾಡುಗಳು ಮೊದಲಾದವು. ಭಾರತದಲ್ಲಿ 2016ರಲ್ಲಿ ಕೇಂದ್ರ ಸರ್ಕಾರ ಹಲವು ರಾಜ್ಯಗಳಲ್ಲಿ ಆರಂಭಿಸಿದ 'ಕಿಲ್ಕಾರಿ' ಎಂಬ ಯೋಜನೆ ಅಕ್ಷರವನ್ನು ಬಿಟ್ಟು ದನಿಯನ್ನು ಹಿಡಿಯಿತು. ಬಸುರಿನ ನಾಲ್ಕನೆಯ ತಿಂಗಳಿಂದ ಕೂಸಿಗೆ ವರ್ಷ ತುಂಬುವವರೆಗೆ ವಾರಕ್ಕೊಂದರಂತೆ 72 ಕರೆಗಳು. ಉಪಾಯ ಚೆನ್ನಾಗಿದೆ. ಆದರೆ ಬಹಳ ಮನೆಗಳಲ್ಲಿ ಫೋನು ಗಂಡನ ಜೇಬಿನಲ್ಲಿರುತ್ತದೆ! ತಾಯಿಗೆ ಆಡಿದ ಮಾತು ಅಲ್ಲಿಯೇ ತಡೆದು ನಿಲ್ಲುವುದುಂಟು.

ಪಟ್ಟಣದ ವಿದ್ಯಾವಂತ ಹೆಂಗಸಿನ ಫೋನು ಅವಳದೇ. ಆದರೆ ಪುಸ್ತಕ ಅವಳದೆ? 2021ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 'ಫ್ಲೋ' ಎಂಬ ಪ್ರಸಿದ್ಧ ಆ್ಯಪಿನ ಮೇಲೆ ಆರೋಪ ಹೊರಿಸಿ ರಾಜಿ ಮಾಡಿಕೊಂಡಿತು. ಗುಟ್ಟಾಗಿಡುತ್ತೇವೆಂದು ಮಾತು ಕೊಟ್ಟ ಸಂಗತಿಗಳನ್ನು, ಒಬ್ಬಾಕೆ ಬಸುರಿಯೆಂಬ ಸುದ್ದಿಯನ್ನೂ ಸಹ, ಹೊರಗಿನ ಕಂಪೆನಿಗಳಿಗೆ ತಲುಪಿಸಿದ್ದರೆಂಬುದು ಆ ಆರೋಪ. ಗಂಡನಿಗೆ, ತಾಯಿಗೆ ತಿಳಿಸುವ ಮೊದಲೇ ಬಸುರಿನ ವಾರ್ತೆ ಜಾಹೀರಾತಿನವನಿಗೆ ಮುಟ್ಟಿದರೆ ಅದನ್ನು ಯಾವ ಸೀಮಂತವೆನ್ನೋಣ?

ಆದ್ದರಿಂದ ಮೊಬೈಲನ್ನು ಬಿಸುಡಬೇಕಾಗಿಲ್ಲ. ಚುಚ್ಚುಮದ್ದಿನ ದಿನವನ್ನು ಅದು ನೆನಪಿಸುವಷ್ಟು ಚೊಕ್ಕವಾಗಿ ನಾವಾರೂ ನೆನಪಿಸಲಾರೆವು. ಆದರೆ ರಕ್ತ ಕಂಡಾಗ, ತಲೆ ಸಿಡಿದು ಕಣ್ಣು ಮಂಜಾದಾಗ, ಒಳಗಿನ ಮಿಸುಕಾಟ ತಗ್ಗಿದಾಗ, ಹುಟ್ಟಿದ ಕೂಸು ಹಾಲು ಬಿಟ್ಟು ಸೊರಗಿದಾಗ ಲೆಕ್ಕ ನೋಡುತ್ತ ಕೂಡುವ ಕಾಲವಲ್ಲ, ಆಸ್ಪತ್ರೆಗೆ ಓಡಬೇಕು. ಅಂಥ ಹೊತ್ತಿನಲ್ಲಿ ಗಾಡಿ ತರುವವರು, ಜೊತೆಗೆ ಹೋಗುವವರು ಬೇಕು. ಇನ್ನೆಷ್ಟು ದಿನವೆಂದು ಮೊಬೈಲು ಹೇಳೀತು. ಬಾಣಂತಿಯ ಬಳಿ ರಾತ್ರಿ ಎದ್ದು ಕೂಡುವವರು ಯಾರೆಂಬುದನ್ನು ಮಾತ್ರ ಮನೆಯವರೇ ಹೇಳಬೇಕು.